ಮುಂಡೇವು ಬೈಲಿನಿಂದ ಜೊಂಡಿನೂರಿಗೆ

ಹಾಲೆಂಡಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಹೂವಿನ ವಿಚಾರ. ಸಿನಿಮಾದಲ್ಲಿ ನಾಯಕ ನಾಯಕಿ ಓಡಾಡುವ ಆ ಬಣ್ಣಬಣ್ಣದ ಹೂವಿನ ಗದ್ದೆ ನೋಡಿದಿರಾ ಟೀಚರ್ ಎಂದು ಕಡಬದ ಬಸ್ಸಿನಲ್ಲಿ ಗುರುತಿಲ್ಲದವರೂ ಕೇಳಿದ್ದುಂಟು. ನಾನು ಒಂದು ಹೂವನ್ನೂ ನೋಡಲಿಲ್ಲ. ಹೋದದ್ದು ಫೆಬ್ರವರಿಯ ಚಳಿಯಲ್ಲಿ, ನೋಡಿದ್ದು ಕೆಸರು. ಅಷ್ಟು ದೂರ ಹಾರಿ ಹೋಗಿ ಕೆಸರು ನೋಡಿ ಬಂದೆಯಾ ಎಂದು ನಗುತ್ತಾರೆ. ನಗಲಿ. ನನಗೆ ಬುದ್ಧಿ ಬಂದದ್ದು ಆ ಕೆಸರಿನಲ್ಲಿ ನಿಂತಾಗ. ವಿಮಾನದಲ್ಲಿ ಏನು ಕೊಟ್ಟರು, ಯಾವ ಪೇಟೆಯಲ್ಲಿ ಏನು ಅಗ್ಗ ಎಂದು ತಿಳಿಯಬೇಕಾದವರು ಬೇರೆ ಯಾರನ್ನಾದರೂ ಕೇಳಬಹುದು.

ಪುತ್ತೂರು

ಇಚಿಲಂಪಾಡಿಯಿಂದ ಕೆಳಗೆ ಹೊಳೆ ತಿರುಗುವಲ್ಲಿ ನಮ್ಮ ಬೈಲು. ಅರ್ಧ ನೀರು, ಅರ್ಧ ಕೆಸರು, ಅದರ ತುಂಬ ಮುಂಡೇವು. ಕೇದಗೆಯ ಜಾತಿಯ ಗಿಡ ಅದು. ಎಲೆ ಆಳುದ್ದ, ಅಂಚಿಗೆ ಗರಗಸದಂಥ ಮುಳ್ಳು. ಆ ಎಲೆಯನ್ನು ಕೊಯ್ದು, ಮುಳ್ಳು ತೆಗೆದು, ಬಾಡಿಸಿ, ಸೀಳಿ ಚಾಪೆ ನೇಯುವ ಮನೆಗಳು ಬೈಲಿನ ಸುತ್ತ ಮೂವತ್ತೊಂದು. ಅವುಗಳಲ್ಲಿ ನನ್ನದೂ ಒಂದು. ಏಳನೇ ತರಗತಿ ಓದಿದ್ದಕ್ಕೆ ಬಾಲವಾಡಿಯ ಕೆಲಸ ಸಿಕ್ಕಿ ನಾನು ವಾರಿಜ ಟೀಚರ್ ಆದೆ. ಆದರೂ ಬೆರಳಿನ ಗಾಯದ ಕಲೆ ನೋಡಿದರೆ ಯಾರಾದರೂ ನನ್ನ ಕುಲಕಸುಬು ಹೇಳಿಯಾರು.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಬೈಲಿಗೆ ಎರಡು ಕಡೆಯಿಂದ ಕಣ್ಣು ಬಿದ್ದಿತ್ತು. ಮೇಲಿನ ಜಾಗದ ಧಣಿಗಳಿಗೆ ಬೈಲಿನ ಅಂಚಿನ ಮಣ್ಣಿನ ಕಟ್ಟ ಒಡೆದು ನೀರು ಹೊರಗೆ ಬಿಟ್ಟು ತೋಟ ಮಾಡುವ ಆಸೆ. ಇನ್ನೊಂದು ಕಣ್ಣು ಅರಣ್ಯ ಇಲಾಖೆಯ ಸಾಹೇಬರದ್ದು. ಅವರು ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ನೀಲಿ ನೀರುಕೋಳಿಯನ್ನು ನೋಡುತ್ತ ಊಟ ಮರೆಯುವವರು. ಬೈಲನ್ನು ಉಳಿಸಲು ಒಂದು ಸಮಗ್ರ ಯೋಜನೆ ಮಾಡಿದ್ದೇನೆ, ನೀರು, ಹಕ್ಕಿ, ಜನ ಎಲ್ಲವೂ ಅದರಲ್ಲಿ ಇದೆ ಎಂದರು. ಹಾಲೆಂಡಿನಲ್ಲಿ ಇಂಥ ಯೋಜನೆಗಳ ಸಭೆಯಂತೆ. ಒಪ್ಪಿಗೆಯಾದರೆ ನೆರವು ಬರುತ್ತದಂತೆ. ಪ್ರತಿ ಊರಿನಿಂದ ಒಬ್ಬ ಅಧಿಕಾರಿ, ಒಬ್ಬರು ಊರಿನವರು ಹೋಗಬೇಕಂತೆ.

"ನೀವು ಎರಡು ಮಾತು ಹೇಳಿದ್ರೆ ಸಾಕು ವಾರಿಜಮ್ಮ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದು ಪುತ್ತೂರಿನ ಕಚೇರಿಯಲ್ಲಿ ಒಂದು ಇಂಗ್ಲಿಷ್ ಕಾಗದ ಮುಂದಿಟ್ಟರು.

"ಇದರಲ್ಲಿ ಎಂತ ಬರ್ದದ್ದು ಸರ್?" ಎಂದೆ.

"ಬೈಲನ್ನ ಉಳಿಸ್ಬೇಕು ಅಂತ."

ಸಹಿ ಹಾಕಿದೆ. ಓದಿಸಿಕೊಳ್ಳದೆ ಎಲ್ಲಿಯೂ ಹೆಬ್ಬೆಟ್ಟು ಒತ್ತಬೇಡಿ ಎಂದು ಮಹಿಳಾ ಮಂಡಳಿಯಲ್ಲಿ ಗಂಟಲು ಹರಿದುಕೊಳ್ಳುವವಳು ನಾನೇ. ವಿಮಾನ ಎಂದ ಕೂಡಲೇ ಆ ಗಂಟಲಿಗೆ ಏನಾಯಿತೋ ಗೊತ್ತಿಲ್ಲ.

ಪೆಟ್ಟಿಗೆ ಕೊಟ್ಟವಳು ಪಕ್ಕದ ಮನೆಯ ಆಯಿಸುಮ್ಮ. ಅವಳ ಗಂಡ ಮೊಯ್ದು ಬ್ಯಾರಿ ದುಬಾಯಿಯಿಂದ ರಜೆಯಲ್ಲಿ ಬಂದಿದ್ದ. "ಅಕ್ಕಾ, ಮೊದಲು ಬೆಲ್ಟು ಬಿಚ್ಚುದು ಕಲೀರಿ. ನಾನು ಮೊದಲನೇ ಸರ್ತಿ ಹೋಗುವಾಗ ಅದು ಬಿಚ್ಚಲಿಕ್ಕೆ ಗೊತ್ತಾಗದೆ ದುಬಾಯಿವರೆಗೆ ಹೊಟ್ಟೆ ಹಿಡ್ಕೊಂಡು ಕೂತದ್ದು" ಎಂದು ಬುದ್ಧಿ ಹೇಳಿದ. ಇಡೀ ಪ್ರಯಾಣದಲ್ಲಿ ನನಗೆ ಸಿಕ್ಕಿದ ಉಪದೇಶಗಳಲ್ಲಿ ಇದೊಂದೇ ಹೇಳಿದ ಹಾಗೆಯೇ ಉಪಯೋಗಕ್ಕೆ ಬಂತು.

ಚಾಪೆಗೆ ತಡೆ

ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ನಾನೇ ನೇಯ್ದ ಒಂದು ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಹಾಲೆಂಡಿನ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದ ಒಬ್ಬ ಅದನ್ನು ತಡೆದ. ಹೊರದೇಶದ ಗಿಡ, ಬೀಜ, ಎಲೆ ಒಳಗೆ ಬರಬಾರದು, ರೋಗ ಬರುತ್ತದೆ, ಇಲ್ಲಿಯೇ ಬಿಟ್ಟು ಹೋಗಬೇಕು ಎಂದ. ಸಾಹೇಬರು ಅದನ್ನು ಕನ್ನಡಕ್ಕೆ ತಿರುಗಿಸಿ, ಕಿವಿಯಲ್ಲಿ "ಬಿಟ್ಬಿಡಿ, ಹೋಗ್ಲಿ, ರಂಪ ಬೇಡ" ಎಂದರು.

ಇಪ್ಪತ್ತು ದಿನದ ಕೆಲಸವನ್ನು ರಂಪ ಬೇಡ ಎಂದು ಬಿಟ್ಟು ಹೋಗುವುದು ಹೇಗೆ? ನಾನು ಅಲ್ಲಿಯೇ, ಮುಖ ಕಾಣುವಷ್ಟು ಹೊಳೆಯುತ್ತಿದ್ದ ಆ ನೆಲದ ಮೇಲೆ ಚಾಪೆ ಬಿಡಿಸಿ, ಚಕ್ಕಳಮಕ್ಕಳ ಹಾಕಿ ಕುಳಿತೆ. ಎಲೆಯ ಮೇಲೆ ಯಾರಾದರೂ ಕೂರುತ್ತಾರಾ, ಇದು ಚಾಪೆ ಎಂದು ತುಳುವಿನಲ್ಲಿಯೇ ಹೇಳಿದೆ. ಯಾವ ಭಾಷೆಯಾದರೂ ಅವನಿಗೆ ಒಂದೇ ತಾನೆ. ಹಿಂದಿನ ಸಾಲಿನವರು ಬಗ್ಗಿ ನೋಡಿದರು. ಸಾಹೇಬರು ನನ್ನ ಜೊತೆಯವರೇ ಅಲ್ಲ ಎಂಬಂತೆ ಗೋಡೆಯ ಗಡಿಯಾರ ನೋಡಿದರು. ಆ ಮನುಷ್ಯ ತನ್ನ ನಿಯಮದ ಪುಸ್ತಕ ತಿರುವಿದ. ಕುಳಿತಿರುವ ಹೆಂಗಸನ್ನು ಎಬ್ಬಿಸಿ ಚಾಪೆ ಎಳೆದುಕೊಳ್ಳುವ ನಿಯಮ ಅದರಲ್ಲಿ ಇರಲಿಲ್ಲ ಎಂದು ಕಾಣುತ್ತದೆ. ಕೊನೆಗೆ ಇನ್ನೊಬ್ಬಳು ಹಿರಿಯ ಅಧಿಕಾರಿ ಬಂದು, ಬಗ್ಗಿ ನೇಯ್ಗೆಯ ಮೇಲೆ ಅಂಗೈ ಆಡಿಸಿ, ಏಳು ಎಂದು ಸನ್ನೆ ಮಾಡಿ, ಚಾಪೆಯನ್ನು ಅವಳೇ ಸುತ್ತಿ ನನ್ನ ಕೈಗೆ ಕೊಟ್ಟಳು.

ಸಿಸ್ಟರ ಅಡುಗೆಮನೆ

ಹೊರಗೆ ನಮ್ಮನ್ನು ಕಾದು ನಿಂತವರನ್ನು ನೋಡಿ ಸಾಹೇಬರ ಮುಖ ಸಣ್ಣಗಾಯಿತು, ನನ್ನ ಮಾತನ್ನು ಅಲ್ಲಿಯವರಿಗೆ ತಾವೇ ಹೇಳುವುದು ಎಂದುಕೊಂಡಿದ್ದರೋ ಏನೋ. ಕನ್ನಡ, ತುಳು ಬಿಟ್ಟು ಬೇರೇನೂ ಬಾರದ ಹೆಂಗಸು ಬರುತ್ತಾಳೆ ಎಂದು ತಿಳಿದು, ಸಭೆಯವರು ಭಾಷಾಂತರಕ್ಕೆ ಒಬ್ಬ ಸಿಸ್ಟರನ್ನು ಹುಡುಕಿ ಇಟ್ಟಿದ್ದರು. ಸಿಸ್ಟರ್ ಬೆನೆಡಿಕ್ಟಾ ಪುತ್ತೂರು ಕಡೆಯ ಕೊಂಕಣಿ ಮನೆಯವರು. ಹದಿನೈದು ವರ್ಷದಿಂದ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ನನ್ನನ್ನು ನೋಡಿದ್ದೇ, "ಎಂತ ಮಾರಾಯ್ತಿ, ಈ ಚಳಿಗೆ ಇಷ್ಟು ತೆಳು ಸೀರೆಯಾ?" ಎಂದು ತುಳುವಿನಲ್ಲಿ ಬೈದರು. ಅಷ್ಟು ಒಳ್ಳೆಯ ಬೈಗುಳ ನಾನು ಅದುವರೆಗೆ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ನಾನು ಉಳಿದದ್ದು ಅವರ ಕಾನ್ವೆಂಟಿನಲ್ಲಿ. ಆ ಊರಿನ ಮನೆಗಳ ಕಿಟಕಿಗೆ ಪರದೆ ಎಳೆಯುವ ಕ್ರಮ ಇಲ್ಲ. ಸಂಜೆ ದೀಪ ಹಚ್ಚಿದರೆ ಒಳಗೆ ಊಟಕ್ಕೆ ಕುಳಿತವರು, ಓದುವವರು ಎಲ್ಲರೂ ಬೀದಿಗೆ ಕಾಣುತ್ತಾರೆ. ಆದರೆ ಬೀದಿಯವರು ಯಾರೂ ನೋಡುವುದಿಲ್ಲ. ನಾನು ಮಾತ್ರ ಎಲ್ಲ ಕಿಟಕಿಗಳಲ್ಲೂ ನೋಡಿದೆ. ನೋಡಬಾರದಾದರೆ ಪರದೆ ಹಾಕಿಕೊಳ್ಳಲಿ. ಇನ್ನೊಂದು ವಿಚಿತ್ರ ಅವರ ಬಿಸ್ಕತ್ತಿನ ಡಬ್ಬಿ. ಕಾಫಿಯ ಜೊತೆ ಡಬ್ಬಿ ತೆರೆದು ಹಿಡಿಯುತ್ತಾರೆ, ನೀವು ಒಂದು ತೆಗೆದುಕೊಂಡ ಕೂಡಲೇ ಟಪ್ಪೆಂದು ಮುಚ್ಚುತ್ತಾರೆ. ನಮ್ಮಲ್ಲಿ ಬೇಡ ಬೇಡ ಎಂದರೂ ಎಲೆಗೆ ಬಡಿಸಿಯೇ ಬಿಡುತ್ತೇವಲ್ಲ. ಎರಡನೇ ದಿನ ನಾನು ಒಟ್ಟಿಗೆ ಎರಡು ತೆಗೆದೆ. ಡಬ್ಬಿ ಹಿಡಿದವಳು ನನ್ನನ್ನೂ ಬಿಸ್ಕತ್ತನ್ನೂ ನೋಡಿದಳು. ನಾನು ನಕ್ಕೆ.

ಸಭೆಯವರು ಬಂದವರಿಗೆಲ್ಲ ಒಂದು ದಪ್ಪ ಕಡತ ಕೊಟ್ಟಿದ್ದರು. ಅದರಲ್ಲಿ ನಮ್ಮ ಬೈಲಿನ ಯೋಜನೆಯೂ ಇತ್ತು. ಮಧ್ಯಾಹ್ನ ಅಡುಗೆಮನೆಯಲ್ಲಿ ಗಂಜಿ ಬೇಯುತ್ತಿರುವಾಗ, "ಸಿಸ್ಟರೇ, ನಮ್ಮದು ಸ್ವಲ್ಪ ಓದಿ ಹೇಳ್ತೀರಾ? ಎಲ್ಲರೂ ಕೇಳುವಾಗ ನನಗೆ ಗೊತ್ತಿರ್ಬೇಕಲ್ಲ" ಎಂದೆ. ಸಿಸ್ಟರ್ ಕನ್ನಡಕ ಹಾಕಿಕೊಂಡು ಓದತೊಡಗಿದರು. ನೀರಿನ ಅಳತೆ, ಹಕ್ಕಿಗಳ ಪಟ್ಟಿ. ಆಮೇಲೆ ಅವರ ದನಿ ನಿಧಾನವಾಯಿತು.

"ಬೈಲಿನ ಸುತ್ತ ತಂತಿ ಬೇಲಿ ಹಾಕುದು ಅಂತ ಉಂಟು ಟೀಚರ್. ಒಳಗೆ ಯಾರೂ ಹೋಗುವ ಹಾಗಿಲ್ಲ. ಮುಂಡೇವು ಕೊಯ್ಯುದು ನಿಲ್ಲಿಸುದು, ಹಕ್ಕಿಗೂಡಿಗೆ ತೊಂದರೆ ಆಗ್ತದೆ ಅಂತ. ಮಳೆಗೆ ಮೇಲೆ ಬರುವ ಮೀನು ಹಿಡಿಯುದೂ ಇಲ್ಲ. ಚಾಪೆಯವರಿಗೆ ಕೋಳಿಮರಿ ಮತ್ತೆ ಹೊಲಿಗೆ ಮಿಷನ್ ಕೊಡುದಂತೆ."

"ಜನ ಎಲ್ಲಿ ಅದರಲ್ಲಿ?"

ಸಿಸ್ಟರ್ ಕೊನೆಯ ಪುಟ ತೆಗೆದರು. "ಜನ ಇಲ್ಲಿ ಉಂಟು. ಊರಿನವರೇ ಇದನ್ನು ಕೇಳಿಕೊಂಡದ್ದು, ಪೂರ್ತಿ ಒಪ್ಪಿಗೆ ಉಂಟು ಅಂತ ಬರ್ದಿದ್ದಾರೆ. ಕೆಳಗೆ ನಿಮ್ಮ ಸಹಿ."

ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಏಳಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಮೂವತ್ತೊಂದು ಮನೆಯ ಅನ್ನಕ್ಕೆ ಬೇಲಿ ಹಾಕುವ ಕಾಗದದ ಅಡಿಯಲ್ಲಿ ನನ್ನ ದುಂಡು ಅಕ್ಷರ ಕುಳಿತಿತ್ತು. ಸಿಟ್ಟು ಅದರ ಹಿಂದೆಯೇ ಬಂತು.

ಮರುದಿನ ಬೆಳಿಗ್ಗೆ ಸಾಹೇಬರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ಮೊದಲು ಒಪ್ಪಿಗೆ ಸಿಗ್ಲಿ ವಾರಿಜಮ್ಮ. ಆಮೇಲೆ ಅದು ಇದು ಬದಲಾಯಿಸ್ಬಹುದು. ಬೇಲಿ ಇಲ್ಲ ಅಂದ್ರೆ ಇವರು ಒಪ್ಪಲ್ಲ" ಎಂದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾನು ಗಾದೆಯಲ್ಲಿ ಮಾತ್ರ ಕೇಳಿದ್ದೆ. ನಾನು ಕಾಫಿ ಕುಡಿದೆ. ಸಭೆಗೆ ಇನ್ನೂ ಒಂದು ದಿನ ಇತ್ತು.

ಜೊಂಡಿನೂರು

ಆ ದಿನ ಬಂದವರನ್ನೆಲ್ಲ ಬಸ್ಸಿನಲ್ಲಿ ತುಂಬಿ ಜೊಂಡು ಬೆಳೆಯುವ ಒಂದು ಊರಿಗೆ ಕರೆದುಕೊಂಡು ಹೋದರು. ಬೀದಿಯ ಬದಲಿಗೆ ಕಾಲುವೆ, ಅಂಗಳಕ್ಕೆ ದೋಣಿ. ಮನೆಗಳ ಮಾಡಿಗೆ ಜೊಂಡಿನ ಹೊದಿಕೆ. ನಮ್ಮ ಮುಳಿಹುಲ್ಲಿನ ಮನೆಯನ್ನು ಬಡತನದ ಗುರುತು ಎನ್ನುತ್ತೇವೆ. ಅಲ್ಲಿ ಸಿರಿವಂತರೇ ಹುಲ್ಲು ಹೊದಿಸುತ್ತಾರಂತೆ. ದೋಣಿ ಇಳಿದು ನಡೆದರೆ ಕಾಲಡಿಯ ನೆಲ ಅಲುಗಾಡುತ್ತದೆ. ಬೇರೆ ದೇಶದಿಂದ ಬಂದವರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ನನಗೆ ಮನೆಗೆ ಬಂದಂತಾಯಿತು.

ಅಲ್ಲಿ ವಿಲೆಮ್ ಎಂಬ ಅರುವತ್ತರ ಮುದುಕ ಮತ್ತು ಅವನ ಮಗಳು ಒಣಗಿ ನಿಂತ ಜೊಂಡನ್ನು ಕಡಿಯುತ್ತಿದ್ದರು. ಕಾಲಿಗೆ ಮರದ ಮೆಟ್ಟು. ಬಂದವರಿಗೆ ಹಗ್ಗ ಕಟ್ಟಿ, ಇದರ ಆಚೆ ನಿಂತು ನೋಡಿ ಎಂದರು. ಎಲ್ಲರೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಿಂತು ನೋಡಿದರು, ಫೋಟೋ ತೆಗೆದರು.

ನಮ್ಮಲ್ಲಿ ಹೀಗೆ ಇಲ್ಲ. ಕೆಲಸ ನಡೆಯುವ ಗದ್ದೆಗೆ ಹೋದವರು ಕೈ ಕಟ್ಟಿ ನಿಂತರೆ ಅದು ಕೆಲಸದವರಿಗೆ ಮಾಡಿದ ಅವಮಾನ. ನೆಂಟರಾದರೂ ಸರಿ, ಪೈರಿನ ನಾಲ್ಕು ಸೂಡಿ ಎತ್ತಿಕೊಟ್ಟು ಮಾತಿಗೆ ಕೂರುವುದು. ನಾನು ಹಗ್ಗದಡಿ ನುಸುಳಿ ವಿಲೆಮನ ಮಗಳ ಪಕ್ಕಕ್ಕೆ ಹೋದೆ. ಅವಳು ಕಡಿದ ಜೊಂಡಿನ ಹಿಡಿಯನ್ನು ಒಂದು ದೊಡ್ಡ ಬಾಚಣಿಗೆಯಂಥ ಹಲಗೆಗೆ ಎಳೆದು ಒಣ ಎಲೆ ಬಿಡಿಸುತ್ತಿದ್ದಳು. ನನಗೆ ಇನ್ನೊಂದು ಬಾಚಣಿಗೆ ತೋರಿಸಿ, ಕಾಫಿ ತರಲು ಅತ್ತ ಹೋದಳು.

ಎಲೆಯ ಕೆಲಸ ನನಗೆ ಯಾರೂ ಕಲಿಸಬೇಕಾಗಿಲ್ಲ. ಎಳೆದೆಳೆದು ಎಲೆ ಬಿಡಿಸಿದೆ. ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಎಂದು ಜೋಡಿಸಿ ಅಚ್ಚುಕಟ್ಟಾಗಿ ಸೂಡಿ ಕಟ್ಟಿದೆ. ಎಲೆ ಹೋದ ಕಡ್ಡಿಗಳು ಕಾಲಿಗೆ ತೊಡರುತ್ತಿದ್ದವು. ಅವನ್ನು ಹಿಡಿಹಿಡಿಯಾಗಿ ಕಾಲುವೆಗೆ ಎಸೆದೆ. ಆರೇಳು ಹಿಡಿ ಹೋಗಿರಬಹುದು, ಅಷ್ಟರಲ್ಲಿ ವಿಲೆಮ್ ಏನೋ ಕೂಗಿಕೊಂಡು ಮರದ ಮೆಟ್ಟಿನಲ್ಲಿ ದಡದಡ ಓಡಿ ಬಂದ. ಉದ್ದದ ಕೊಕ್ಕೆ ಹಿಡಿದು ಕಾಲುವೆಯ ದಂಡೆಯಲ್ಲಿ ಓಡುತ್ತ ತೇಲಿ ಹೋಗುವ ಕಡ್ಡಿಗಳನ್ನು ಎಳೆಯತೊಡಗಿದ. ಅವರಿಗೆ ಬೇಕಾದದ್ದು ಕಡ್ಡಿ. ಎಲೆ ಕಸ, ಸುಡುವುದು. ಅವನ ಸರಕನ್ನು ನಾನು ನೀರಿಗೆ ಎಸೆದು, ಅವನ ಕಸವನ್ನು ಅಂದವಾಗಿ ಕಟ್ಟಿ ಇಟ್ಟಿದ್ದೆ.

ಹಗ್ಗದ ಆಚೆಯವರು ನಕ್ಕರು. ಸಾಹೇಬರು ಕ್ಷಮೆ ಕೇಳಲು ಮುಂದೆ ಬಂದರು. ನನ್ನ ಕಿವಿ ಬಿಸಿಯಾಯಿತು, ಆದರೆ ಹಿಂದೆ ಸರಿಯಲಿಲ್ಲ. ನಾನೂ ಸೀರೆ ಎತ್ತಿ ಕಟ್ಟಿ ದಂಡೆಗೆ ಇಳಿದು ಕಡ್ಡಿ ಎಳೆದೆ. ಎಲ್ಲ ಮೇಲೆ ಬಂದ ನಂತರ ವಿಲೆಮ್ ನಾನು ಕಟ್ಟಿದ ಎಲೆಯ ಸೂಡಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಜೊತೆಗೆ ಬಂದಿದ್ದ ಸಿಸ್ಟರ ಮೂಲಕ ಕೇಳಿದ: "ಎಲೆ ತಗೊಂಡು ಗಿಡ ಬಿಡುದಾ ನಿಮ್ಮಲ್ಲಿ?"

"ಹೌದು. ಹೊರಗಿನ ಎಲೆ ಮಾತ್ರ. ಸುಳಿ ಮುಟ್ಟುವ ಹಾಗಿಲ್ಲ. ಸುಳಿ ಕೊಯ್ದವಳ ಕತ್ತಿಯನ್ನು ಐತಕ್ಕ ತೆಗೊಂಡು ಅವರ ಮಾಡಿಗೆ ಸಿಕ್ಕಿಸ್ತಾರೆ. ಆ ಕೊಯ್ಲು ಮುಗಿಯುವವರೆಗೆ ವಾಪಸು ಕೊಡುದಿಲ್ಲ."

ಐತಕ್ಕ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಅವಳಿಗೆ ಆ ಅಧಿಕಾರ ಯಾರು ಕೊಟ್ಟದ್ದು ಎಂದು ವಿಲೆಮ್ ಕೇಳಿದ. ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. "ಅವರ ಅತ್ತೆ ಇರಬೇಕು" ಎಂದೆ. ಅವನು ತಲೆದೂಗಿದ, ಅದು ಸಾಕಾದ ಉತ್ತರ ಎಂಬಂತೆ.

ಮತ್ತೆ ಅವನು ನನ್ನನ್ನೂ ಸಿಸ್ಟರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಒಂದು ತಿರುವು ದಾಟಿಸಿದ. ಅಲ್ಲಿ ಜೊಂಡಿಲ್ಲ. ಗಿಡಗಂಟಿ, ಮರ, ಮುಳ್ಳು. ನೀರು ಎಲ್ಲೋ ಅಡಿಯಲ್ಲಿ ಕಪ್ಪಗೆ ನಿಂತಿತ್ತು. ವಿಲೆಮ್ ಹೇಳಿದ್ದನ್ನು ಸಿಸ್ಟರ್ ತುಂಡುತುಂಡಾಗಿ ಹೇಳಿದರು. ಹಕ್ಕಿಗಳನ್ನು ಉಳಿಸಲು ಎಂದು ಅವನ ಹರೆಯದಲ್ಲಿ ಆ ತುಂಡಿಗೆ ಬೇಲಿ ಹಾಕಿ, ಕಡಿಯುವವರನ್ನು ಹೊರಗಿಟ್ಟರಂತೆ. ಕಡಿಯದ ಜೊಂಡು ಬಿದ್ದು ಕೊಳೆತು ನೆಲ ಏರಿತು, ಮರ ಬಂತು, ಹಕ್ಕಿ ಹೋಯಿತು. ಈಗ ಉಳಿದ ಕಡೆ ಕಡಿಯುವವರ ಲೆಕ್ಕಾಚಾರವೇ ಯೋಜನೆ. ಚಳಿಯಲ್ಲಿ ಕಡಿಯುವುದು, ಹಕ್ಕಿ ಬರುವ ಮೊದಲು ನಿಲ್ಲಿಸುವುದು, ಪ್ರತಿ ವರ್ಷ ಒಂದು ಪಟ್ಟಿ ಕಡಿಯದೆ ಬಿಡುವುದು. ನೀರಿನ ಮಟ್ಟ ಎಷ್ಟಿರಬೇಕು ಎಂದು ತೀರ್ಮಾನಿಸುವ ಮೇಜಿನಲ್ಲಿ ಜೊಂಡು ಕಡಿಯುವವನಿಗೂ ದನ ಸಾಕುವವನಿಗೂ ಕುರ್ಚಿ ಉಂಟು.

ನಾನು ನಮ್ಮ ಬೈಲಿನ ಬಡಗು ಮೂಲೆಯನ್ನು ನೆನೆದೆ. ಅಲ್ಲಿನ ಎರಡು ಮನೆಯವರು ಊರು ಬಿಟ್ಟು ಹೋದ ಮೇಲೆ ಮುಂಡೇವು ಕೊಯ್ಯುವವರಿಲ್ಲದೆ ಹೆಣೆದುಕೊಂಡು ಮೀನು ಬರುವ ನೀರಿನ ತೋಡೇ ಮುಚ್ಚಿಹೋಗಿತ್ತು. ನಾವೆಲ್ಲ ಅದನ್ನು ನೋಡಿದ್ದೆವು. ಅದು ಹೇಳಬೇಕಾದ ಮಾತು ಎಂದು ಯಾರಿಗೂ ಅನಿಸಿರಲಿಲ್ಲ.

ಸಭೆ

ಸಭೆಯ ಕೋಣೆಯಲ್ಲಿ ಮೊದಲು ಸಾಹೇಬರು ಪರದೆಯ ಮೇಲೆ ಹಕ್ಕಿಗಳನ್ನು ತೋರಿಸಿದರು. ಎಂಥ ಚಂದದ ಚಿತ್ರಗಳು. ನೀರುಕೋಳಿ, ಬೆಳ್ಳಕ್ಕಿ, ಮರಿಗಳಿಗೆ ಉಣಿಸುವ ತಾಯಿ. ನನಗೂ ಹೆಮ್ಮೆಯಾಯಿತು. ಆಮೇಲೆ ನನ್ನ ಎರಡು ಮಾತಿನ ಸರದಿ. ಸಾಹೇಬರು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು: ನಮ್ಮ ಊರಿನವರು ಈ ಯೋಜನೆಯನ್ನು ಸಂತೋಷದಿಂದ ಸ್ವಾಗತಿಸುತ್ತಾರೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬರುತ್ತವೆ. ಚೀಟಿಯನ್ನು ಮಡಿಸಿ ಇಟ್ಟು, ಸಿಸ್ಟರಿಗೆ ಹೇಳಿದೆ: "ನಾನು ಹೇಳಿದ್ದು ಹೇಳಿದ ಹಾಗೇ ಹೇಳ್ಬೇಕು. ಸಕ್ಕರೆ ಹಾಕ್ಬೇಡಿ."

"ಹಾಕುದಿಲ್ಲ. ಹೇಳಿ" ಎಂದರು ಸಿಸ್ಟರ್.

"ಸಾಹೇಬರು ತೋರಿಸಿದ ಹಕ್ಕಿ ಎಲ್ಲ ನಾವು ಕೊಯ್ಯುವ ಬೈಲಿನಲ್ಲಿ ತೆಗೆದದ್ದು. ನನ್ನ ಅಜ್ಜಿಯ ಅಜ್ಜಿ ಕೊಯ್ದ ಬೈಲು ಅದು. ನಾವು ಹಕ್ಕಿ ಓಡಿಸುವವರಾದರೆ ಇಷ್ಟು ಫೋಟೋ ಎಲ್ಲಿಂದ ಸಿಕ್ಕಿತು? ಮಳೆ ಬಂದು ಮೀನು ಮೇಲೆ ಏರುವಾಗಿನಿಂದ ಚೌತಿ ಬರುವ ಸೋಣ ತಿಂಗಳವರೆಗೆ ನಾವು ಕತ್ತಿ ಹಿಡಿದು ಬೈಲಿಗೆ ಇಳಿಯುದಿಲ್ಲ. ಗೂಡು ಇರುದು ಆಗಲೇ. ಈ ಕಡತದಲ್ಲಿ ಹಕ್ಕಿಯ ಹೆಸರು ಉಂಟು, ಹುಲ್ಲಿನ ಹೆಸರೂ ಉಂಟಂತೆ, ನಮ್ಮಲ್ಲಿ ಒಬ್ಬರ ಹೆಸರಿಲ್ಲ. ನನ್ನ ಸಹಿ ಮಾತ್ರ ಉಂಟು. ಅದು ನಾನು ಓದದೆ ಹಾಕಿದ್ದು. ತಪ್ಪು ನನ್ನದು. ಅದನ್ನು ಈಗ ತೆಗೀತೇನೆ."

ಮುಂದಿನ ಸಾಲಿನಲ್ಲಿದ್ದ ಒಬ್ಬ ಪಂಡಿತ ಎದ್ದು, ಕೊಯ್ಯುವುದರಿಂದ ಕೆಡುಕಿಲ್ಲ ಎಂಬುದಕ್ಕೆ ಅಧ್ಯಯನ ಯಾವುದಿದೆ ಎಂದು ಕೇಳಿದ. ನಾನು, ಕೆಡುಕು ಉಂಟು ಎಂಬುದಕ್ಕೆ ಯಾವುದುಂಟು, ಅದನ್ನು ಮೊದಲು ಓದಿ ಹೇಳಿ ಎಂದೆ. ಅವನು ಕಡತದ ಪುಟ ತಿರುವಿದ. ಸಾಹೇಬರ ಕಡೆ ನೋಡಿದ. ಅಂಥ ಅಧ್ಯಯನ ಕಡತದಲ್ಲಿ ಇರಲಿಲ್ಲ.

ನಾನು ಮೇಜಿನ ಹತ್ತಿರ ಹೋಗಿ ಮೂಲ ಪ್ರತಿ ಕೇಳಿ ತೆಗೆದುಕೊಂಡು ನನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ. ಪೆನ್ನು ಒತ್ತಿ ಹಿಡಿದದ್ದಕ್ಕೆ ಕಾಗದ ಸ್ವಲ್ಪ ಹರಿಯಿತು. ಊರಿನವರ ಒಪ್ಪಿಗೆ ಇಲ್ಲದೆ ಇದು ಮುಂದೆ ಹೋಗುವುದಿಲ್ಲ, ಬದಲಾಯಿಸಿ ತನ್ನಿ ಎಂದು ಅಧ್ಯಕ್ಷರು ಹೇಳಿದರು ಎಂದು ಸಿಸ್ಟರ್ ತಿಳಿಸಿದರು.

ಹೊರಗೆ ವಿಲೆಮ್ ಸಿಕ್ಕಿದ. ಸಭೆಗೆಂದು ಚರ್ಮದ ಬೂಟು ಹಾಕಿ, ಅದು ಕಚ್ಚಿ ಕುಂಟುತ್ತಿದ್ದ. ಶಹಬ್ಬಾಸ್ ಹೇಳಿಯಾನು ಎಂದುಕೊಂಡಿದ್ದೆ. ಅವನು ಹೇಳಿದ್ದು ಬೇರೆ. "ಬೇಡ ಅಂತ ಹೇಳುದು ಸುಲಭ ಅಂತೆ" ಎಂದು ಸಿಸ್ಟರ್ ಹೇಳಿದರು. "ಇವರೂ ಮೊದಲು ಬರೇ ಬೇಡ ಅಂತ ಹೇಳಿದ್ದಂತೆ. ಯಾರೂ ಕೇಳ್ಲಿಲ್ಲ. ಮತ್ತೆ ಅವರೇ ಕೂತು ಬರ್ದು ಕೊಟ್ಟದ್ದಂತೆ. ಎಷ್ಟು ಕಡಿಯುದು, ಯಾವಾಗ ನಿಲ್ಲಿಸುದು, ತಪ್ಪಿದ್ರೆ ಎಂತ ಮಾಡುದು, ಎಲ್ಲ."

ಚಾಪೆಯನ್ನು ಅವನ ಕೈಯಲ್ಲಿ ಇಟ್ಟೆ. ಅವನು ಅದನ್ನು ಮೂಸಿ ನೋಡಿ, ಬಗಲಿಗೆ ಸೇರಿಸಿ, ಕುಂಟುತ್ತ ಹೋದ.

ಬೊಂಬಾಯಿ

ವಿಮಾನದಲ್ಲಿ ಸಾಹೇಬರು ನನ್ನ ಜೊತೆ ಮಾತಾಡಲಿಲ್ಲ. ಬೊಂಬಾಯಿಯಲ್ಲಿ ಮಂಗಳೂರಿನ ಬಸ್ಸಿಗೆ ಕಾಯುವಾಗ ಬಾಯಿ ಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನೀವು ಏನ್ ಮಾಡಿದ್ರಿ ಅಂತ ನಿಮಗೆ ಗೊತ್ತಾ? ಯೋಜನೆ ಇಲ್ಲ ಅಂತ ತಿಳಿದ ದಿನವೇ ಧಣಿಗಳು ಕಟ್ಟ ಒಡೀತಾರೆ. ತೋಟ ಬರುತ್ತೆ. ಆಗ ಹಕ್ಕಿಗೂ ಇಲ್ಲ, ನಿಮಗೂ ಇಲ್ಲ. ಬೇಲಿ ಇದ್ದಿದ್ರೆ ಕೊನೇಪಕ್ಷ ನೀರಾದ್ರೂ ಇರ್ತಿತ್ತು."

ಅವರ ಕಣ್ಣು ಕೆಂಪಗಿತ್ತು. ಆ ಮನುಷ್ಯನಿಗೆ ಬೈಲಿನ ಮೇಲೆ ನಿಜವಾದ ಪ್ರೀತಿ ಇತ್ತು, ಅದನ್ನು ಈಗಲೂ ಹೇಳುತ್ತೇನೆ. ನನಗೆ ಹೆದರಿಕೆಯಾಯಿತು. ಎರಡು ಹಗಲು ಬಸ್ಸಿನಲ್ಲಿ ಕುಳಿತು, ಅವರು ಹೇಳಿದ್ದು ಸುಳ್ಳು ಎನ್ನಲು ಒಂದು ಕಾರಣ ಹುಡುಕಿದೆ. ಸಿಗಲಿಲ್ಲ. ಸಹಿ ಹೊಡೆದುಹಾಕಿದ್ದಕ್ಕೆ ಪಶ್ಚಾತ್ತಾಪವೂ ಬರಲಿಲ್ಲ.

ಊರು

ನಾನು ನಡೆದದ್ದನ್ನೆಲ್ಲ ಬಾಲವಾಡಿಯ ಜಗಲಿಯಲ್ಲಿ ಹೇಳಿದಾಗ ಮೊದಲು ಬಂದ ಪ್ರಶ್ನೆ ಐತಕ್ಕನ ಸೊಸೆ ಸುಂದರಿಯದ್ದು.

"ಹಾಗಾದ್ರೆ ಹೊಲಿಗೆ ಮಿಷನ್ ಬರುದಿಲ್ವಾ ಟೀಚರ್?"

"ಬರುದಿಲ್ಲ. ನನ್ನಿಂದಲೇ ಹೋದದ್ದು."

ಅವಳಿಗೆ ಬೇಸರವಾಯಿತು. ಮುಳ್ಳು ಕಿತ್ತು ಕಿತ್ತು ಬೆರಳು ಸೆಟೆದ ಹೆಂಗಸಿಗೆ ಮಿಷನ್ ಬೇಕು ಎನಿಸಿದರೆ ತಪ್ಪೇನು? ನಾನು ಸಮಾಧಾನ ಹೇಳಲು ಹೋಗಲಿಲ್ಲ. ಧಣಿಗಳು ಕಟ್ಟ ಒಡೆಯುವ ಮಾತನ್ನೂ, ವಿಲೆಮ್ ಹೇಳಿದ ಮಾತನ್ನೂ ಮುಂದಿಟ್ಟೆ. ಐತಕ್ಕ, "ಬರಿ. ನಾನು ಹೇಳ್ತಾ ಹೋಗ್ತೇನೆ, ನೀನು ಬರಿ" ಎಂದಳು.

ಬರೆಯುವುದು ಸುಲಭ ಎಂದು ತಿಳಿದಿದ್ದೆ. ಹದಿನೇಳು ಮಧ್ಯಾಹ್ನ ಹಿಡಿಯಿತು. ಗೊತ್ತಿದ್ದದ್ದನ್ನು ಹೇಳಲು ಹೋದಾಗ ಒಬ್ಬೊಬ್ಬರಿಗೆ ಗೊತ್ತಿದ್ದದ್ದು ಒಂದೊಂದು. ಮುಂಡೇವು ತೋಡಿನ ಅಂಚಿನಲ್ಲಿ ಎಷ್ಟು ಬಿಡಬೇಕು ಎಂದು ಚಾಪೆಯವರಿಗೂ ಮೀನಿನವರಿಗೂ ಜಗಳವಾಯಿತು. ಮೊಯ್ದು ಬ್ಯಾರಿಯ ಅಣ್ಣಂದಿರು ಮಳೆಯ ಮೊದಲ ಮೂರು ದಿನ ಏರುವ ಮೀನನ್ನು ಯಾರೂ ಹಿಡಿಯಬಾರದು ಎಂದು ಹಟ ಹಿಡಿದರು; ಆ ದಿನಗಳಲ್ಲಿ ಅತಿ ಹೆಚ್ಚು ಹಿಡಿಯುವವರು ಅವರೇ ಆದ್ದರಿಂದ ಉಳಿದವರು ಬಾಯಿ ಮುಚ್ಚಿದರು. ಬಡಗು ಮೂಲೆಯ ತೋಡನ್ನು ಬಿಡಿಸಿಕೊಡುವುದು ಎಂದಾಯಿತು. ಧಣಿಗಳ ಗದ್ದೆಗೆ ಸುಗ್ಗಿಯ, ಅಂದರೆ ಎರಡನೇ ಬೆಳೆಯ, ನೀರು ಯಾವಾಗ ಎಷ್ಟು ಬಿಡುವುದು ಎಂದೂ ಬರೆದೆವು. ಅವರನ್ನು ಏಕೆ ಸೇರಿಸಬೇಕು ಎಂದು ಸುಂದರಿ ಕೇಳಿದಳು. ಸೇರಿಸದಿದ್ದರೆ ನಾವೂ ಬೇಲಿ ಹಾಕಿದ ಹಾಗೆ ಎಂದೆ. ನಾನೂ ಐತಕ್ಕನೂ ಅವರ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಆ ಪುಟವನ್ನು ಓದಿದೆವು. ದೊಡ್ಡ ಧಣಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸುಗ್ಗಿ ನೀರಿನ ಭಾಗವನ್ನು ಇನ್ನೊಮ್ಮೆ ಓದು ಎಂದರು. ಆ ಬೇಸಿಗೆಯಲ್ಲಿ ಕಟ್ಟ ಒಡೆಯಲಿಲ್ಲ.

ಶಾಲೆಯ ನೋಟುಪುಸ್ತಕದಲ್ಲಿ ಇಪ್ಪತ್ತೆರಡು ಪುಟವಾಯಿತು. ಪ್ರತಿಯೊಂದು ಪುಟವನ್ನೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು. ಸುಳಿ ಕೊಯ್ದವಳ ಕತ್ತಿ ಎಲ್ಲಿ ಇರಬೇಕು ಎಂಬುದೂ ಅದರಲ್ಲಿ ಉಂಟು.

ಏಪ್ರಿಲಿನ ಒಂದು ಸೋಮವಾರ ನಾವು ಒಂಬತ್ತು ಹೆಂಗಸರು ಕಡಬದಲ್ಲಿ ಬಸ್ಸು ಹತ್ತಿ ಪುತ್ತೂರಿನ ಕಚೇರಿಗೆ ಹೋದೆವು. ಸಾಹೇಬರು ಒಳಗಿದ್ದರು; ಬಾಗಿಲು ತೆರೆದೇ ಇತ್ತು. ಗುಮಾಸ್ತ ಪುಸ್ತಕವನ್ನು ಎರಡು ಬೆರಳಿನಲ್ಲಿ ಎತ್ತಿ, "ಅರ್ಜಿಯಾ? ಅರ್ಜಿ ಆದ್ರೆ ಆ ಬುಟ್ಟಿಗೆ ಹಾಕಿ ಹೋಗಿ" ಎಂದ.

"ಅರ್ಜಿ ಅಲ್ಲ" ಎಂದೆ. "ಯೋಜನೆ. ರಿಜಿಸ್ಟರಿನಲ್ಲಿ ಹಾಗೇ ಬರೀರಿ."

"ಯೋಜನೆ ಮಾಡುದು ಇಲಾಖೆ ಮಾರಾಯ್ರೆ. ನಿಮ್ಮದು ಯಾವ ಹೆಸರಿನಲ್ಲಿ ಬರೆಯುದು ನಾನು?"

ಐತಕ್ಕ ನೆಲದ ಮೇಲೆ ಕುಳಿತಳು. ಉಳಿದವರೂ ಕುಳಿತರು. ನಾನು ಪುಸ್ತಕದಲ್ಲಿ ಸಹಿ ಹಾಕಿದವರ ಮೊದಲನೆಯ ಹೆಸರು ಹೇಳಿದೆ, ಎರಡನೆಯದು ಹೇಳಿದೆ. ಗುಮಾಸ್ತ ಪೆನ್ನು ಎತ್ತಲಿಲ್ಲ. ನಾನು ಹೇಳುತ್ತಲೇ ಹೋದೆ. ಹನ್ನೊಂದನೆಯ ಹೆಸರಿಗೆ ಬರುವಾಗ ಸಾಹೇಬರು ಒಳಗಿನಿಂದ ಎದ್ದು ಬಂದರು. ನೋಟುಪುಸ್ತಕ ತೆಗೆದುಕೊಂಡು ನಿಂತುಕೊಂಡೇ ಎರಡು ಪುಟ ಓದಿದರು, ಮೂರನೆಯದಕ್ಕೆ ಕನ್ನಡಕ ಹಾಕಿಕೊಂಡರು. ಮತ್ತೆ ಗುಮಾಸ್ತನ ಮುಂದಿನ ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡು, ಪೆನ್ನು ತೆಗೆದು, ನನ್ನನ್ನು ನೋಡಿ, "ಮೊದಲಿಂದ ಹೇಳಿ" ಎಂದರು.